ಒಂದು ಕಣ್ಣು ಬಿಟ್ಟ ಶವಾಸನ

ಮಾರ್ಚ್ ೪, ಸೋಮವಾರ

ಇವತ್ತಿಂದ ನಾನು ಯೋಗಿ. ಯೋಗ ಬಂದಾಯ್ತು, ಇನ್ನು ಯೋಗ್ಯತೆ ಬರೋದು ಬಾಕಿ.

ಡಾಕ್ಟ್ರು ಬರೆದಿದ್ದು ಮಾತ್ರೆ, ಅದಕ್ಕೆ ಯೋಗ ಸೇರಿಸಿದ್ದು ನಮ್ಮಾಕೆ. ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತೆ ಅಂತ ಬಾಯಿ ಬಿಟ್ಟಿದ್ದೇ ತಪ್ಪಾಯ್ತು. ಅವಳು ಆರು ತಿಂಗಳಿಂದ ಹೋಗ್ತಿದಾಳೆ. ಬೆಳ್ಳಂಬೆಳಿಗ್ಗೆ ನನ್ನ ಎಬ್ಬಿಸಿ, ಕಂಕುಳಿಗೊಂದು ಚಾಪೆ ಸಿಗಿಸಿ, ಔಷಧಿ ಅಂಗಡಿ ಮೇಲಿರೋ ಹಾಲಿಗೆ ಎಳ್ಕೊಂಡು ಹೋದ್ಲು. ಅಲ್ಲಿಗೆ ಹೋಗೋಕೂ ಮೆಟ್ಟಿಲು ಹತ್ಬೇಕು. ಏದುಸಿರು ಕಳ್ಕೊಳ್ಳೋಕೆ ಏದುಸಿರು ಬಿಟ್ಕೊಂಡೇ ಹೋಗ್ಬೇಕು ಅನ್ನೋದು ಯಾವ ನ್ಯಾಯವೋ.

ಮೇಷ್ಟ್ರಿಗೆ ಐವತ್ತರ ಆಚೀಚೆ ವಯಸ್ಸು. ಮೊದಲು ಶಾಲೇಲಿ ಡ್ರಿಲ್ ಮಾಡಿಸ್ತಿದ್ರಂತೆ, ಈಗ ಉಸಿರಾಡಿಸ್ತಾರೆ. ಅದಕ್ಕೇ ಉಸಿರುಮೇಷ್ಟ್ರು ಅಂತ ಹೆಸರಿಟ್ಟೆ. ದನಿ ಮಾತ್ರ ಏನು ದನಿ. ಬಾವಿಯಿಂದ ತುಂಬಿದ ಕೊಡ ಮೇಲೆ ಬರೋ ಹಾಗೆ, ತುಳುಕದೆ, ನಿಧಾನವಾಗಿ. "ಉಸಿರು ಒಳಗೆ... ಇರಲಿ... ಹಾಗೇ ಇರಲಿ..." ಅಂತಾರೆ. ಮಾತು ಮಾತಿಗೂ ಒಂದು ಹಾಗೇ ಇರಲಿ.

ದನಿ ಅಂದ್ರೆ ನನಗೆ ಕಿವಿ ನೆಟ್ಟಗಾಗುತ್ತೆ. ಸುಮ್ನೆ ಅಲ್ಲ, ನೌಕರಿ ಪೂರ್ತಿ ಬಸ್ ಸ್ಟ್ಯಾಂಡಲ್ಲಿ ಮೈಕ್ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ ಅಂತ ಕೂಗಿದವನು. ಡಿಪೋ ಮ್ಯಾನೇಜರ್ ದನೀಲಿ ಕೂಗಿ, ಊಟಕ್ಕೆ ಕೂತ ಡ್ರೈವರ್‌ಗಳನ್ನ ಕೈ ತೊಳೆಯೋಕೂ ಬಿಡದೆ ಓಡಿಸಿದವನು. ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರು ನನ್ನ ಗಂಟಲಲ್ಲಿ ಬಂದು ಕೂತಿದ್ರು. ಅಡುಗೆಮನೆ ಬಾಗಿಲ ಮರೇಲಿ ನಿಂತು "ಸೌಟು ಒಳಗೆ... ಇರಲಿ... ಹಾಗೇ ಇರಲಿ..." ಅಂದೆ. ನಮ್ಮಾಕೆ ಗಡಿಬಿಡೀಲಿ ಕೂದಲು ಸರಿಮಾಡ್ಕೊಂಡು, ಬನ್ನಿ ಮೇಷ್ಟ್ರೇ ಕೂತ್ಕೊಳ್ಳಿ ಅಂತ ತಿರುಗಿದ್ಲು. ನನ್ನ ಮುಖ ನೋಡಿ ಸೌಟು ಎತ್ತಿದ್ಲು. ಅಲ್ಲಿ ಈ ಚೇಷ್ಟೆ ಶುರು ಮಾಡಿದ್ರೆ ನೋಡಿ ಅಂದ್ಲು. ನಗು ತಡ್ಕೊಂಡೇ ಅಂದಿದ್ದು, ನನಗೆ ಗೊತ್ತಿಲ್ವಾ.

ಮಾರ್ಚ್ ೭, ಗುರುವಾರ

ಪ್ರಾಣಾಯಾಮ ಅಲ್ಲ ಅದು, ಪ್ರಾಣ-ಆಯಾಸ. ಎಡ ಮೂಗು ಮುಚ್ಚಿ ಬಲದಲ್ಲಿ ಎಳೀರಿ, ಬಲ ಮುಚ್ಚಿ ಎಡದಲ್ಲಿ ಬಿಡಿ ಅಂತಾರೆ. ನನ್ನ ಎಡ ಮೂಗು ಹುಟ್ಟಿದಾಗಿನಿಂದ ರಜೆ ಮೇಲಿದೆ ಅಂದೆ, ಇಡೀ ಹಾಲು ನಕ್ಕಿತು. ವಜ್ರಾಸನದಲ್ಲಿ ವಜ್ರದ ಹಾಗೆ ಕೂತೆ, ಏಳುವಾಗ ಇಬ್ಬರು ಹಿಡ್ಕೊಂಡು ಗಣಿಯಿಂದ ತೆಗೆದ ಹಾಗೆ ತೆಗೆದ್ರು.

ಕೊನೆಗೆ ಬರೋ ಶವಾಸನ ಮಾತ್ರ ನನಗೆ ಚೆನ್ನಾಗಿ ಬರುತ್ತೆ. ಈ ವಯಸ್ಸಲ್ಲಿ ಬರದೆ ಇರುತ್ತಾ. ಎಲ್ಲರೂ ಅಂಗಾತ ಮಲಗಿ ಕಣ್ಣು ಮುಚ್ಬೇಕು. ಮೇಷ್ಟ್ರು ಕಾಲಬೆರಳಿಂದ ಹಿಡಿದು ನೆತ್ತಿ ತನಕ ಒಂದೊಂದೇ ಅಂಗ ಸಡಿಲಿಸ್ತಾ ಹೋಗ್ತಾರೆ. ಅವರು ಬಿಡಿ ಅನ್ನೋ ತನಕ ಕಣ್ಣು ಬಿಡಬಾರದು. ಅವರು ಹೇಳಿದ್ದಕ್ಕೆ ಯಾಕೆ, ಏನು ಅಂತ ಯೋಚನೆ ಮಾಡಬಾರದು, ದನಿ ಹೋದಲ್ಲಿಗೆ ಮೈ ಹೋಗ್ಬೇಕು. ಇದು ಅಲ್ಲಿಯ ನಿಯಮ. ನಾನು ಒಂದು ಕಣ್ಣು ಬಿಟ್ಟೇ ಇರ್ತೀನಿ. ಎಲ್ಲರೂ ಸತ್ತ ಹಾಗೆ ಮಲಗಿದ್ರೆ ಚಪ್ಪಲಿ ಕಾಯೋರು ಯಾರು?

ಪಕ್ಕದ ಬೀದಿಯ ಹೊಲಿಗೆಯಕ್ಕ ನನ್ನ ಎದುರಿಗೇ ಮಲಗ್ತಾರೆ. ಶಾಲೆ ಮಕ್ಕಳ ಯೂನಿಫಾರಂ ಹೊಲಿಯೋರು. ಮಿಷನ್ ಮುಂದೆ ಕೂತೂ ಕೂತೂ ಬೆನ್ನು ಹಿಡ್ಕೊಂಡಿದೆ ಅಂತ ಸೇರಿದ್ದಂತೆ. ಈಗ ಶಾಲೆ ಶುರುವಾಗೋ ಮುಂಚೆ ಕೊಡಬೇಕಾದ ಬಟ್ಟೆ ರಾಶಿ ಬಿದ್ದಿದೆ, ಆದ್ರೂ ಒಂದು ದಿನ ತಪ್ಪಿಸಲ್ಲ. ಮೇಷ್ಟ್ರು ಉಸಿರು ಹಿಡೀರಿ ಅಂದು ಬಿಡಿ ಅನ್ನೋದು ಮರೆತ್ರೆ ಆಕೆ ಹಾಗೇ ನೀಲಿಗೆ ತಿರುಗ್ತಾರೆ, ಅಷ್ಟು ಶ್ರದ್ಧೆ.

ಮಾರ್ಚ್ ೯, ಶನಿವಾರ

ಬರೀಬೇಕೋ ಬೇಡ್ವೋ.

ಶವಾಸನ ನಡೀತಿತ್ತು. ಮೇಲಿನ ಟ್ಯಾಂಕ್ ತುಂಬಿ ನೀರು ಸುರಿಯೋ ಸದ್ದಾಯ್ತು. ಮೇಷ್ಟ್ರು ಮೊಣಕಾಲಿನ ತನಕ ಬಂದಿದ್ರು, "ಹಾಗೇ ಇರಲಿ" ಅಂದು, ಬರಿಗಾಲಲ್ಲಿ ಬೆಕ್ಕಿನ ಹಾಗೆ ಎದ್ದು ಮೋಟರ್ ಆಫ್ ಮಾಡೋಕೆ ಹೊರಗೆ ಹೋದ್ರು. ನೋಡಿದ್ದು ನನ್ನ ಒಂದು ಕಣ್ಣು ಮಾತ್ರ. ಹಾಲ್ ತುಂಬ ಜನ ಕಣ್ಣು ಮುಚ್ಚಿ, ಮುಂದಿನ ಮಾತಿಗೆ ಕಾಯ್ತಾ ಬಿದ್ದಿದ್ರು. ಮೈಕ್ ಮುಂದೆ ಯಾರೂ ಇಲ್ಲ. ನನಗೆ ತಡೆಯೋಕಾಗಲಿಲ್ಲ.

"ಈಗ ಕಣ್ಣು ಮುಚ್ಚಿಕೊಂಡೇ... ನಿಧಾನವಾಗಿ ಎದ್ದು ನಿಲ್ಲಿ... ಬಲಗಾಲು ಮೇಲೆ... ಕೊಕ್ಕರೆ ಹಾಗೆ... ಹಾಗೇ ಇರಲಿ..."

ಎದ್ರು. ಎಲ್ಲರೂ ಎದ್ರು. ಹಾಲ್ ತುಂಬ ಕಣ್ಣು ಮುಚ್ಚಿದ ಕೊಕ್ಕರೆಗಳು. ನಾನೂ ಎದ್ದು ಒಂಟಿಕಾಲಲ್ಲಿ ನಿಂತು ಕೆನ್ನೆ ಒಳಗಿಂದ ಕಚ್ಕೊಂಡು ನಗು ನುಂಗ್ತಿದ್ದೆ. ಆಗ ಹೊಲಿಗೆಯಕ್ಕ ವಾಲಿದ್ರು. ಬಲಗೈ ಮೈ ಕೆಳಗೆ ಸಿಕ್ಕಿಬಿತ್ತು. ಒಣ ಕಡ್ಡಿ ಮುರಿದ ಸದ್ದು.

ಆಕೆ ಕಿರುಚಲಿಲ್ಲ. ನೆಲದ ಮೇಲೆ ಬಿದ್ದಲ್ಲೇ, ಇನ್ನೂ ಕಣ್ಣು ಮುಚ್ಕೊಂಡೇ, "ಮೇಷ್ಟ್ರೇ, ಕಣ್ಣು ಬಿಡಲಾ?" ಅಂತ ಕೇಳಿದ್ರು.

ಮೇಷ್ಟ್ರು ಒದ್ದೆ ಕಾಲಲ್ಲಿ ಓಡಿ ಬಂದ್ರು. ಯಾರು ನಿಲ್ಲೋಕೆ ಹೇಳಿದ್ದು ಅಂತ ಕೇಳಿದ್ರು. ಇಡೀ ಹಾಲು ಒಂದೇ ಬಾಯಲ್ಲಿ, ನೀವೇ ಹೇಳಿದ್ರಲ್ಲ ಅಂತು. ಮೇಷ್ಟ್ರು ನಮ್ಮೆಲ್ಲರ ಮುಖ ಒಂದೊಂದಾಗಿ ನೋಡಿದ್ರು. ನನ್ನ ಮುಖದ ಹತ್ರ ಬಂದಾಗ ನಾನು ಚಾಪೆ ಸುತ್ತೋಕೆ ಬಗ್ಗಿದೆ.

ಮಾರ್ಚ್ ೧೦, ಭಾನುವಾರ

ಬಲಗೈ ಮಣಿಕಟ್ಟು ಮುರಿದಿದೆ. ಪ್ಲಾಸ್ಟರ್ ಹಾಕಿದಾರೆ. ಕತ್ತರಿ ಹಿಡಿಯೋ ಕೈ.

ನಾನು ಆಕೇನ ತಳ್ಳಲಿಲ್ಲವಲ್ಲ. ನಿಲ್ಲಿ ಅಂದೆ, ಬೀಳಿ ಅನ್ನಲಿಲ್ಲ. ಮಿಕ್ಕವರೆಲ್ಲ ನಿಂತಿದ್ರು ತಾನೆ. ನೆಲ ನುಣುಪಾಗಿತ್ತು. ಆಕೆ ಮೊದಲೇ ಬೆನ್ನುನೋವಿನವರು. ಹೀಗೆ ಬೆಳಿಗ್ಗೆಯಿಂದ ತಿಪ್ಪೆ ಸಾರಿಸ್ತಾ ಇದೀನಿ. ಸಾರಿಸಿದಷ್ಟೂ ನಾರ್ತಿದೆ.

ಆಗಲೇ ಹೇಳಿಬಿಡ್ತಿದ್ದೆ. ಎಲ್ಲರೂ ಆಕೆ ಸುತ್ತ ಗುಂಪಾಗಿದ್ರು, ಅದು ಹೇಳೋ ಹೊತ್ತಾಗಿರಲಿಲ್ಲ. ಆಮೇಲೆ ಆಸ್ಪತ್ರೇಲಿ ಆಕೆ ತಂಗಿ ಅಳ್ತಿದ್ಲು, ಅದೂ ಹೊತ್ತಲ್ಲ. ನಾಳೆ ಹೇಳ್ತೀನಿ.

ಮಾರ್ಚ್ ೧೨, ಮಂಗಳವಾರ

ಹೇಳಲಿಲ್ಲ.

ಅವರೇ ಹೇಳಿಬಿಟ್ರು. ತರಗತಿ ಶುರುವಾಗೋ ಮುಂಚೆ ಮೇಷ್ಟ್ರು ಎಲ್ಲರ ಮುಂದೆ ನಿಂತು ಕೈ ಮುಗಿದ್ರು. ಮೋಟರ್ ಆಫ್ ಮಾಡೋಕೆ ಹೋಗಿದ್ದು ನೆನಪಿದೆ, ಎದ್ದು ನಿಲ್ಲಿ ಅಂದಿದ್ದು ನೆನಪಿಲ್ಲ, ಆದ್ರೆ ಇಷ್ಟು ಜನ ಕೇಳಿಸ್ಕೊಂಡಿದ್ದೀರಿ ಅಂದ್ಮೇಲೆ ಖಂಡಿತ ಹೇಳಿರ್ತೀನಿ, ತಪ್ಪಾಯ್ತು ಅಂದ್ರು. ಯಾರೋ, ಬಿಡಿ ಮೇಷ್ಟ್ರೇ, ಎಲ್ಲರಿಗೂ ಮರೆವು ಸಹಜ ಅಂದ್ರು. ಮರೆವು ಅನ್ನೋ ಮಾತಿಗೆ ಅವರ ಮುಖ ಇಳಿದು ಹೋಯ್ತು.

ನಮ್ಮಾಕೆ ಇವತ್ತು ಚಾಪೆ ತಗೊಂಡು ಕಿಟಕಿ ಪಕ್ಕ ಹೋದ್ಲು. ಇಷ್ಟು ದಿನ ನನ್ನ ಮಗ್ಗುಲಲ್ಲೇ ಹಾಸ್ಕೊಳ್ತಿದ್ಲು. ಗಾಳಿ ಬೇಕೇನೋ.

ಶವಾಸನದಲ್ಲಿ ಮೇಷ್ಟ್ರು ಎಡಗಾಲು ಆಯ್ತು ಅಂದು, ಮರುಕ್ಷಣವೇ ಎಡಗಾಲು ಹೇಳಿದ್ನಲ್ವಾ ಅಂತ ನಮ್ಮನ್ನೇ ಕೇಳಿದ್ರು. ನಾನು ಎರಡೂ ಕಣ್ಣು ಮುಚ್ಕೊಂಡೆ. ನೋಡೋಕಾಗಲಿಲ್ಲ.

ಮಾರ್ಚ್ ೧೪, ಗುರುವಾರ

ಹೊಲಿಗೆಯಕ್ಕನ ಅಂಗಡಿಗೆ ಹೋಗಿದ್ದೆ. ಹಣ್ಣು ಕೊಟ್ಟು, ಹೇಗಿದೀರಿ ಅಂತ ಕೇಳಿ, ವಿಷಯ ಹೇಳಿ ಬರೋಣ ಅಂತ. ಮೊದಲೆರಡು ಆಯ್ತು.

ಅಂಗಡೀಲಿ ಹೆಜ್ಜೆ ಇಡೋಕೆ ಜಾಗ ಇಲ್ಲ. ನೀಲಿ ಅಂಗಿಗಳ ಗುಡ್ಡೆ, ಬೂದು ಚಡ್ಡಿಗಳ ಗುಡ್ಡೆ. ತಂಗಿ ಬಂದು ಮಿಷನ್ ತುಳೀತಿದಾಳೆ. ಅಕ್ಕ ಕತ್ತಿಗೆ ಕೈ ನೇತುಹಾಕ್ಕೊಂಡು, ಎಡಗೈಲಿ ಸೀಮೆಸುಣ್ಣ ಹಿಡಿದು ಗುರುತು ಹಾಕ್ತಾ, ಸೊಟ್ಟಗಾಯ್ತು ಅಂತ ಅಳಿಸ್ತಾ ಕೂತಿದಾರೆ. ಮೂಲೇಲಿ ಸ್ಟೂಲ್ ಮೇಲೆ ಯಾರೋ ಬಗ್ಗಿ ಅಂಗಿಗೆ ಗುಂಡಿ ಹೊಲೀತಿದ್ರು. ತಲೆ ಎತ್ತಿದ್ರು. ನಮ್ಮ ಮೇಷ್ಟ್ರು.

ಬಿದ್ದ ಮಾರನೇ ದಿನದಿಂದ ಬರ್ತಿದಾರಂತೆ. ನನ್ನಿಂದ ಆದ ತೊಂದರೆ, ನನ್ನ ಕೈಲಾದಷ್ಟು ಅಂದ್ರು. ನಾನೂ ಒಂದು ಸೂಜಿ ತಗೊಂಡೆ. ತೊಂದರೆ ಮಾಡಿದವನೂ ಮಾಡದವನೂ ಪಕ್ಕಪಕ್ಕ ಕೂತು ಗುಂಡಿ ಹಾಕಿದ್ವಿ. ಮಾಡದವರ ಗುಂಡಿ ನೆಟ್ಟಗಿತ್ತು.

ಹೊಲಿಗೆಯಕ್ಕ ಅವರಿಗೆ ಸಮಾಧಾನ ಹೇಳೋದು ನೋಡಬೇಕು. ಕೈ ಮುರಿದೋರು ಈಕೆ, ಧೈರ್ಯ ತುಂಬೋರೂ ಈಕೆ. ಅದಕ್ಕೆ ಮೇಷ್ಟ್ರು ತಲೆ ಬಗ್ಗಿಸಿಕೊಂಡೇ, ಅಂಗಿ ಜೊತೆ ಮಾತಾಡೋ ಹಾಗೆ ಅಪ್ಪನ ವಿಷಯ ಹೇಳಿದ್ರು. ಅಪ್ಪನೂ ಮೇಷ್ಟ್ರೇ. ಇದೇ ವಯಸ್ಸಿಗೆ ಶುರುವಾಯ್ತಂತೆ. ಮೊದಮೊದಲು ಆಡಿದ ಮಾತು ಆಡಿಲ್ಲ ಅಂತಿದ್ರು, ಮನೆಯವರೆಲ್ಲ ಜಗಳ ಆಡ್ತಿದ್ರು. ಕೊನೆಗೆ ಒಂದು ದಿನ ಮಗನನ್ನೇ, ನೀವು ಯಾರ ಪೈಕಿ ಅಂತ ಕೇಳಿದ್ರು.

"ಆಡಿಲ್ಲ ಅಂತ ಅಪ್ಪ ಸುಳ್ಳು ಹೇಳ್ತಾರೆ ಅಂದ್ಕೊಂಡಿದ್ದೆ," ಅಂದ್ರು ಮೇಷ್ಟ್ರು. "ಅವರಿಗೂ ನನ್ನ ಹಾಗೇ ನಿಜವಾಗ್ಲೂ ಗೊತ್ತಿರಲಿಲ್ಲ. ಈಗ ಅರ್ಥ ಆಗ್ತಿದೆ."

ಸೂಜಿ ನನ್ನ ಬೆರಳಿಗೆ ಚುಚ್ತು. ಅದನ್ನೇ ನೆಪ ಮಾಡ್ಕೊಂಡು ಎದ್ದು ಬಂದೆ.

ಮಾರ್ಚ್ ೧೫, ಶುಕ್ರವಾರ

ಮೌನ ಇದ್ರೆ ಮಾನ ಉಳಿಯುತ್ತೆ ಅಂತ ಬರೆದೆ. ಒಳ್ಳೇ ಸಾಲು ಅನ್ನಿಸ್ತು. ಓದಿ ನೋಡಿ ಹೊಡೆದು ಹಾಕಿದೆ.

ಮಾರ್ಚ್ ೧೭, ಭಾನುವಾರ

ಬೆಳಿಗ್ಗೆ ನಮ್ಮಾಕೆ ಕಾಫಿ ತಂದಿಟ್ಟು ಮಾತಾಡದೆ ಹೋದ್ಲು. ಈಚೆಗೆ ಹೀಗೇ. ನಾನೂ ಕೆದಕಲ್ಲ, ಕೆದಕಿದ್ರೆ ಏನು ಹೊರಗೆ ಬರುತ್ತೋ. ಕಿಟಕಿ ಕಡೆ ಮುಖ ಮಾಡಿ ಕೂತು ಮೇಷ್ಟ್ರು ಹೇಳಿಕೊಟ್ಟ ಹಾಗೆ ಉಸಿರು ಎಳೆದು ಬಿಟ್ಟೆ. ಪ್ರತಿ ಸಲ ಬಿಟ್ಟಾಗಲೂ ಆ ಒಣ ಕಡ್ಡಿ ಸದ್ದು. ಮತ್ತೆ ಎಳೆದೆ, ಮತ್ತೆ ಬಿಟ್ಟೆ. ಮೇಷ್ಟ್ರು ಹೇಳ್ತಿರ್ತಾರೆ, ಮನಸ್ಸಿಗೆ ಏನು ಬಂದ್ರೂ ಓಡಿಸಬೇಡಿ, ಕೂರಿಸಿಕೊಂಡು ನೋಡಿ ಅಂತ. ನೋಡಿದೆ. "ಮೇಷ್ಟ್ರೇ, ಕಣ್ಣು ಬಿಡಲಾ" ಅಂದ ಆ ಮುಖಾನ ಎದುರಿಗೆ ಕೂರಿಸಿಕೊಂಡು ನೋಡಿದೆ.

ಕಾಫಿ ಆರಿ ಹೋಗಿತ್ತು.

ಮಾರ್ಚ್ ೧೯, ಮಂಗಳವಾರ

ಈ ಶನಿವಾರ ಕೊನೇ ತರಗತಿ. ಮೇಷ್ಟ್ರು ಹಾಲಿನ ಬೀಗದ ಕೈ ಮಾಲೀಕರಿಗೆ ವಾಪಸ್ ಕೊಡ್ತಾರಂತೆ. ಮೆದುಳಿನ ಡಾಕ್ಟ್ರ ಹತ್ರ ಹೆಸರು ಬರೆಸಿದಾರೆ. ಎಲ್ಲರೂ ಬೇಡ ಬೇಡ ಅಂದ್ರು. ಮೇಷ್ಟ್ರು ಶಾಂತವಾಗೇ ಹೇಳಿದ್ರು, "ನೀವೆಲ್ಲ ಕಣ್ಣು ಮುಚ್ಚಿ ನನ್ನ ಮಾತು ನಂಬ್ತೀರಿ. ನಾನು ಏನು ಮಾತಾಡ್ತೀನಿ ಅಂತ ನನಗೇ ಗೊತ್ತಿಲ್ಲದಿದ್ರೆ ನಿಮ್ಮ ಗತಿ ಏನು?"

ಎಲ್ಲರೂ ಕೆಳಗಿಳಿದ್ರು. ನಾನೂ ಬೀದಿ ತನಕ ಹೋದವನು ವಾಪಸ್ ತಿರುಗಿದೆ. ಮೆಟ್ಟಿಲು ಒಂದೇ ಓಟಕ್ಕೆ ಹತ್ತಿ, ಬಾಗಿಲು ಹಾಕ್ತಿದ್ದವರನ್ನ ಹಿಡಿದು ನಿಲ್ಲಿಸಿ, ಅಲ್ಲೇ ಹೇಳಿದೆ. ಆ ದಿನ ಮಾತಾಡಿದ್ದು ನೀವಲ್ಲ, ನಾನು. ನಿಮ್ಮ ದನಿ ಅನುಕರಣೆ ಮಾಡಿದೆ. ನಿಮ್ಮ ತಲೆಗೆ ಏನೂ ಆಗಿಲ್ಲ.

ಬೈತಾರೆ, ಹೊಡೆದ್ರೂ ಹೊಡೀತಾರೆ ಅಂದ್ಕೊಂಡಿದ್ದೆ. ಅವರು ನಕ್ಕರು.

"ನಿಮ್ಮ ತಮಾಷೆ ಇಡೀ ತರಗತಿಗೆ ಗೊತ್ತು," ಅಂದ್ರು. "ಇಷ್ಟು ದಿನ ನಗಿಸೋಕೆ ಮಾಡ್ತಿದ್ರಿ, ಇವತ್ತು ನನ್ನ ಸಮಾಧಾನಕ್ಕೆ ಮಾಡ್ತಿದೀರಿ. ದೊಡ್ಡ ಮನಸ್ಸು ನಿಮ್ಮದು."

ಇಲ್ಲ, ಕೇಳಿ ಇಲ್ಲಿ ಅಂತ ಬಾಯಿ ತೆಗೆದೆ. ಬರಲಿಲ್ಲ. ಗಂಟಲು ಒಣಗಿ ಹೋಗಿತ್ತು. ಅವರ ದನೀಲಿ ಹಾಗೇ ಇರಲಿ ಅಂದು ತೋರಿಸೋಕೆ ಹೋದ್ರೆ ತಂತಿ ಕಿತ್ತ ಮೈಕಿನ ಹಾಗೆ ಗರಗರ ಅಂತು. ಎಷ್ಟು ಸಲ ಪ್ರಯತ್ನ ಮಾಡಿದ್ರೂ ಅಷ್ಟೇ. ಮೇಷ್ಟ್ರು ನನ್ನ ಹೆಗಲ ಮೇಲೆ ಕೈ ಇಟ್ಟು ಥ್ಯಾಂಕ್ಸ್ ಅಂದ್ರು. ಥ್ಯಾಂಕ್ಸ್ ಇಷ್ಟು ಭಾರ ಇರುತ್ತೆ ಅಂತ ಗೊತ್ತಿರಲಿಲ್ಲ.

ಬದುಕಿಡೀ ಸುಳ್ಳನ್ನ ನಿಜ ಅಂತ ನಂಬಿಸಿದವನು. ಒಂದೇ ಒಂದು ನಿಜ ಹೇಳೋಕೆ ಹೋದ್ರೆ ಗಿರಾಕಿ ಇಲ್ಲ.

ಮಾರ್ಚ್ ೨೦, ಬುಧವಾರ

ನಮ್ಮಾಕೆಗೆ ಹೇಳಿದೆ. ಊಟಕ್ಕೆ ಬಡಿಸ್ತಿದ್ಲು. ಕೈ ನಿಲ್ಲಲಿಲ್ಲ.

"ಗೊತ್ತು," ಅಂದ್ಲು. "ಪಕ್ಕದಲ್ಲೇ ಮಲಗಿದ್ದೆ. ದನಿ ಅವರದೇ, ಆದ್ರೆ ಬಂದಿದ್ದು ನನ್ನ ಬಲಗಿವಿ ಹತ್ರದಿಂದ. ಗೊತ್ತಿದ್ದೂ ಎದ್ದು ನಿಂತೆ ನೋಡಿ, ಒಳಗೊಳಗೇ ನಗ್ತಾ. ಆಕೆ ಬೀಳೋ ತನಕ."

ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ ಅಂದೆ.

"ಹೇಳಬೇಕಾದ ಬಾಯಿ ನನ್ನದಾಗಿರಲಿಲ್ಲ. ಕಾದೆ."

ಕಿಟಕಿ ಪಕ್ಕ ಗಾಳಿಗೆ ಹೋಗಿದ್ದಲ್ಲ ಅಂತ ಆಗ ಹೊಳೀತು. ನೀನಾದ್ರೂ ಬಂದು ಮೇಷ್ಟ್ರಿಗೆ ಹೇಳು, ನಿನ್ನ ಮಾತು ನಂಬ್ತಾರೆ ಅಂತ ಬೇಡ್ಕೊಂಡೆ. ಅವಳು ತಲೆ ಆಡಿಸಿದ್ಲು. ಗಂಡ ಹೆಂಡತಿ ಇಬ್ಬರೂ ಮಾತಾಡ್ಕೊಂಡು ಸಮಾಧಾನ ಹೇಳೋಕೆ ಬಂದಿದಾರೆ ಅಂತಾರೆ ಅಷ್ಟೆ, ಹೇಳಿದ್ರೆ ನಂಬೋದಲ್ಲ ಅದು, ಅವರ ಕಿವಿಗೇ ಬೀಳಬೇಕು ಅಂದ್ಲು. ಆಮೇಲೆ ನನ್ನ ತಟ್ಟೆಗೆ ಇನ್ನೊಂದು ಸೌಟು ಹಾಕಿದ್ಲು. ಹಾಕಿದ್ದು ತಿನ್ನೋಕೆ ತುಂಬ ಹೊತ್ತು ಹಿಡೀತು.

ಮಾರ್ಚ್ ೨೩, ಶನಿವಾರ

ಒಂದೂ ಬಿಡದೆ ಬರೀತೀನಿ.

ಕೊನೇ ತರಗತಿ ಅಂತ ಎಲ್ಲರೂ ಬಂದಿದ್ರು. ಹೊಲಿಗೆಯಕ್ಕ ಪ್ಲಾಸ್ಟರ್ ಕೈ ಮಡಿಲಲ್ಲಿಟ್ಕೊಂಡು ಕುರ್ಚಿ ಮೇಲೆ ಕೂತಿದ್ರು. ಶವಾಸನಕ್ಕೆ ಎಲ್ಲರೂ ಮಲಗಿದಾಗ ನಾನು ಮಾತ್ರ ನಿಂತೇ ಇದ್ದೆ. ಮೇಷ್ಟ್ರೇ, ಇವತ್ತೊಂದಿನ ನೀವೂ ಮಲಗಿ ಅಂದೆ. ಆ ದಿನ ಇವರನ್ನೆಲ್ಲ ಎದ್ದು ನಿಲ್ಲಿಸಿದ್ದು ನಾನು, ಹೇಗೆ ಅಂತ ಕೇಳಿಸ್ತೀನಿ ಅಂದೆ. ಅಲ್ಲಲ್ಲಿ ಕಿಸಕ್ ಅಂದ್ರು. ಶುರುವಾಯ್ತು ಅಜ್ಜನ ತರಲೆ ಅಂತ ಯಾರೋ ಅಂದ್ರು. ಮೇಷ್ಟ್ರು ಮಾತ್ರ ನಗಲಿಲ್ಲ. ಮುಖದಲ್ಲಿ ದಣಿವು. ಕೊನೇ ದಿನ, ಮುದುಕನ ಮಾತು ಯಾಕೆ ತೆಗೆದುಹಾಕಬೇಕು ಅಂತ ಇರಬೇಕು, ನಮ್ಮಾಕೆ ಬಿಟ್ಟುಕೊಟ್ಟ ಚಾಪೆ ಮೇಲೆ ಮಲಗಿ ಕಣ್ಣು ಮುಚ್ಚಿದ್ರು.

ಗಂಟಲು ಮತ್ತೆ ಒಣಗ್ತಿತ್ತು. ಸುಮ್ನೆ ನಿಂತು ಉಸಿರು ಎಳೆದೆ. ಬಿಟ್ಟೆ. ಯಾರಿಗೂ ಅವಸರ ಇರಲಿಲ್ಲ, ನನಗೂ ಇರಲಿಲ್ಲ. ಮತ್ತೊಂದು ಎಳೆದೆ. ಆಗ ಬಂತು.

"ಕಾಲಬೆರಳು... ಸಡಿಲ ಬಿಡಿ... ಇರಲಿ... ಹಾಗೇ ಇರಲಿ..."

ಕಿಸಕ್ ಅಂತಿದ್ದದ್ದು ನಿಂತು ಹೋಯ್ತು. ಹೊಲಿಗೆಯಕ್ಕ ಕಣ್ಣು ಬಿಟ್ಟು ನನ್ನ ನೋಡಿದ್ರು. ಮೇಷ್ಟ್ರ ಹುಬ್ಬು ಗಂಟಾಯ್ತು. ನಾನು ನಿಲ್ಲಿಸಲಿಲ್ಲ. ಪಾದ, ಮೊಣಕಾಲು, ಸೊಂಟ, ಬೆನ್ನು, ಅವರು ಹೇಗೆ ಹೇಳ್ತಾರೋ ಹಾಗೇ, ಒಂದೂ ಸೇರಿಸದೆ ಒಂದೂ ಬಿಡದೆ ಹೇಳ್ತಾ ಹೋದೆ. ಎದೆ ಹತ್ರ ಬರೋ ಹೊತ್ತಿಗೆ ಅವರ ಹುಬ್ಬು ಬಿಚ್ಕೊಂಡಿತ್ತು. ಮುಚ್ಚಿದ ಕಣ್ಣಿನ ಅಂಚಿಂದ ನೀರು ಇಳಿದು ಕಿವಿ ಒಳಗೆ ಹೋಗ್ತಿತ್ತು. ಒರೆಸಿಕೊಳ್ಳಲಿಲ್ಲ.

"ಮೇಷ್ಟ್ರೇ... ನೀವು ಮೋಟರ್ ಆಫ್ ಮಾಡೋಕೆ ಹೋಗಿದ್ರಿ... ನೀವು ಏನೂ ಹೇಳಲಿಲ್ಲ... ನಿಮಗೆ ನೆನಪಿರೋದೇ ನಿಜ..."

ಅವರ ದನೀಲೇ ಶುರು ಮಾಡಿದ್ದೆ. ಮುಗಿಯೋ ಹೊತ್ತಿಗೆ ನನ್ನದಾಗಿ ಹೋಗಿತ್ತು. ಎಲ್ಲಿ ಬದಲಾಯ್ತು ಅಂತ ತಿಳೀಲಿಲ್ಲ. ಹೊಲಿಗೆಯಕ್ಕನ ಕಡೆ ತಿರುಗಿ, ನಿಮ್ಮ ಕೈ ಮುರಿದಿದ್ದು ನಾನು ಅಂದೆ.  ಕಣ್ಣು ಬಿಡಿ ಅಂತ ಹೇಳೋ ಹಕ್ಕು ನನಗಿದೆಯೋ ಇಲ್ಲವೋ ಗೊತ್ತಾಗದೆ ನಿಂತೆ.

ಮೇಷ್ಟ್ರು ತಾವೇ ಎದ್ರು. ಮುಖ ಕೆಂಪಾಗಿತ್ತು. ಅವರಿಗೆ ಕೋಪ ಬಂದಿದ್ದು ನಾನು ನೋಡಿರಲಿಲ್ಲ.  ದನಿ ಬಾವಿಯಿಂದ ಬರಲಿಲ್ಲ, ನೇರ ಬಂತು.

"ಹದಿನೈದು ದಿನ. ನಾನು ಹೆಂಡತಿಗೆ ಬೀರು ಬೀಗದ ಕೈ ಎಲ್ಲಿದೆ, ಯಾವ ಕಾಗದ ಎಲ್ಲಿದೆ ಅಂತ ತೋರಿಸಿಕೊಟ್ಟಿದೀನಿ. ಮಗಳ ಮುಖ ದಿನಾ ದಿಟ್ಟಿಸಿ ನೋಡಿ ನೋಡಿ ನೆನಪಿಟ್ಕೊಳ್ತಿದ್ದೆ. ಸೋಮವಾರದಿಂದ ನೀವು ನನ್ನ ತರಗತಿಗೆ ಬರಬೇಡಿ."

ಚಪ್ಪಲಿ ಹಾಕ್ಕೊಂಡು ಇಳಿದೆ.  ಬೀದಿಗೆ ಬಂದ್ಮೇಲೆ ಹೊಳೀತು. ತರಗತಿಗೆ ಬರಬೇಡಿ ಅಂದ್ರು ಅಂದ್ರೆ ತರಗತಿ ಇದೆ.

ಔಷಧಿ ಅಂಗಡಿ ಮುಂದೆ ನಿಂತು ಅತ್ತೆ.

ಮಾರ್ಚ್ ೨೬, ಮಂಗಳವಾರ

ನಮ್ಮಾಕೆ ಒಬ್ಬಳೇ ಚಾಪೆ ತಗೊಂಡು ಹೋಗ್ತಾಳೆ. ಬಂದು ಸುದ್ದಿ ಹೇಳ್ತಾಳೆ, ಅಷ್ಟರ ಮಟ್ಟಿಗೆ ಮಾತು ಬಂದಿದೆ. ಮೇಷ್ಟ್ರು ಈಗ ಹೊರಗೆ ಹೋಗೋ ಮುಂಚೆ, ಎಲ್ಲರೂ ಕಣ್ಣು ಬಿಟ್ಟು ನೋಡಿ, ನಾನು ಹೋಗ್ತಿದೀನಿ ಅಂತಾರಂತೆ. ಡಾಕ್ಟ್ರ ಹತ್ರ ಬರೆಸಿದ್ದು ರದ್ದು ಮಾಡಿಸಿದಾರಂತೆ. ನನ್ನ ವಿಷಯ ಒಂದು ಮಾತೂ ಆಡಲ್ವಂತೆ.

ಬೆಳಿಗ್ಗೆ ಅವಳು ಹೋದಾಗ ಕಿಟಕಿ ಹತ್ರ ಉಸಿರು ಎಳೆದು ಬಿಡ್ತಾ ಕೂತ್ಕೊಂಡೆ. ಅವಳು ವಾಪಸ್ ಬಂದು, ಇನ್ನೂ ಇಲ್ಲೇ ಇದೀರಾ ಅಂದ್ಲು. ಗಡಿಯಾರ ನಿಂತಿದೆಯೇನೋ ಅಂತ ನೋಡಿದೆ, ಓಡ್ತಿತ್ತು.

ಅಂಗಡಿಗೆ ದಿನಾ ಹೋಗ್ತೀನಿ. ಮೇಷ್ಟ್ರ ಸ್ಟೂಲು ಈಗ ನನ್ನದು. ಹೊಲಿಗೆಯಕ್ಕ ನನ್ನ ಜೊತೆ ಮಾತಾಡಲ್ಲ. ಮೊನ್ನೆ ಬಾಗಿಲಲ್ಲಿ ನಿಂತವನಿಗೆ ಅಂಗಿ ಗುಡ್ಡೆ ಕಡೆ ಗಲ್ಲ ತೋರಿಸಿದ್ರು, ಅಷ್ಟೇ ಮಾತು. ಗುಂಡಿ ಹಾಕಿ ಕೊಟ್ರೆ ಎಡಗೈಲಿ ಎತ್ತಿ ಬೆಳಕಿಗೆ ಹಿಡಿದು ನೋಡ್ತಾರೆ. ಸೊಟ್ಟಗಿದ್ರೆ ಹಲ್ಲಲ್ಲಿ ದಾರ ಕಡಿದು, ಗುಂಡಿ ಕಿತ್ತು, ಅಂಗಿ ಸಮೇತ ನನ್ನ ಮಡಿಲಿಗೆ ಹಾಕ್ತಾರೆ. ಇವತ್ತು ಒಂದೇ ಅಂಗೀನ ಮೂರು ಸಲ ವಾಪಸ್ ಕೊಟ್ರು. ತಂಗಿ ಮಿಷನ್ ನಿಲ್ಲಿಸಿ ನನ್ನ ಮುಖ ನೋಡಿದ್ಲು, ಏನಾದ್ರೂ ಅಂತೀನೇನೋ ಅಂತ. ನಾನು ಸೂಜಿಗೆ ದಾರ ಪೋಣಿಸ್ಕೊಂಡು ಮತ್ತೆ ಶುರು ಮಾಡಿದೆ.